ಗೋಕರ್ಣವೋ, ಕುಮಟಾವೋ, ಹೊನ್ನಾವರವೋ, ಕಾರವಾರವೋ? ಒಂದೇ ಊರಲ್ಲಿ ಐದು ದಿನ ಉಳಿಯುವವರಿಗೆ

"ಐದು ದಿನ ರಜೆ ಸಿಕ್ಕಿದೆ. ಗೋಕರ್ಣ, ಯಾಣ, ಮುರ್ಡೇಶ್ವರ, ಜೋಗ, ಕಾರವಾರ. ಎಲ್ಲ ಮುಗಿಯುತ್ತಾ?" ಅಂತ ಕೇಳುವವರು ತುಂಬ ಜನ. ಮುಗಿಯುತ್ತದೆ. ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿ 66ರಲ್ಲಿ ಸುಮಾರು 130 ಕಿಲೋಮೀಟರ್. ಅರ್ಧ ದಿನದಲ್ಲಿ ಉತ್ತರ ಕನ್ನಡ ಕರಾವಳಿಯ ಈ ತುದಿಯಿಂದ ಆ ತುದಿಗೆ ಹೋಗಿಬಿಡಬಹುದು. ನಾವೂ ಒಮ್ಮೆ ಹಾಗೇ ಹೋಗಿದ್ದೆವು. ಸಂಜೆ ಹೊನ್ನಾವರದಲ್ಲಿ ಶರಾವತಿ ದಡದಲ್ಲಿ ನಿಂತಿದ್ದಾಗ ಅಮ್ಮ, "ಇನ್ನೊಂದು ಚೂರು ಕೂರೋಣ ಕಣೋ" ಅಂದಿದ್ದರು. ಮುಂದಿನ ಊರಲ್ಲಿ ರೂಮು ಬುಕ್ ಆಗಿತ್ತು. ಎಬ್ಬಿಸಿಕೊಂಡು ಹೊರಟೆವು. ಆ ಪ್ರವಾಸದಲ್ಲಿ ನನಗೆ ಈಗಲೂ ಬೇಸರ ತರುವುದು ಅದೊಂದೇ.

ಆಮೇಲಿಂದ ನಾವು ಹೋಗುವ ರೀತಿಯೇ ಬದಲಾಯಿತು. ಒಂದು ಊರು ಹಿಡಿಯುವುದು, ಅಲ್ಲೇ ನಾಲ್ಕೈದು ದಿನ ಇರುವುದು. ಈ ಕರಾವಳಿಗೆ ಅದೇ ಸರಿಯಾದ ರೀತಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಉತ್ತರ ಕನ್ನಡದಲ್ಲಿ ಘಟ್ಟ ಕಡಲಿಗೆ ತುಂಬ ಹತ್ತಿರ ಬಂದಿದೆ. ಗುಡ್ಡದ ಕಾಲು ನೇರ ನೀರಿಗೆ ಇಳಿಯುತ್ತದೆ. ಹಾಗಾಗಿ ಮರಳು ತೀರ ಉದ್ದಕ್ಕೆ ಒಂದೇ ಸಮ ಸಿಗುವುದಿಲ್ಲ, ತುಂಡು ತುಂಡಾಗಿ ಸಿಗುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಡ್ಡ ಹತ್ತಿ ಇಳಿಯಬೇಕು, ಇಲ್ಲವೇ ದೋಣಿ ಹತ್ತಬೇಕು. ನಡುವೆ ನಾಲ್ಕು ದೊಡ್ಡ ನದಿಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಾಲ್ಕಕ್ಕೂ ಅಗಲವಾದ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ಕಾರಿನಲ್ಲಿ ಹೋದರೆ ಅಳಿವೆ ಅಂದರೆ ಸೇತುವೆಯ ಮೇಲಿನ ಒಂದೆರಡು ನಿಮಿಷ, ಅಷ್ಟೇ. ದಡದಲ್ಲಿ ಕೂತವರಿಗೆ ಅದೇ ಇಡೀ ದಿನದ ನೋಟ. ಬೆಳಿಗ್ಗೆ ಏಳಕ್ಕೆ ನೀರು ಪೂರ್ತಿ ಇಳಿದಿದ್ದರೆ, ನಾಳೆ ಅದೇ ಇಳಿತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ, ನಾಡಿದ್ದು ಇನ್ನೂ ತಡ. ಮೀನಿನವರ, ಬಳಚು (ಚಿಪ್ಪುಮೀನು) ಆರಿಸುವವರ ದಿನವೆಲ್ಲ ಅದರ ಜೊತೆ ಸರಿಯುತ್ತಾ ಹೋಗುತ್ತದೆ. ಒಂದೇ ದಿನ ಇದ್ದು ಹೋದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಸರಿ, ಒಂದೇ ಊರು ಅಂತಾದ ಮೇಲೆ ಯಾವ ಊರು?

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಸ್ವಂತ ಗಾಡಿ ಇಲ್ಲದೆ ಅಲ್ಲಿ ಇರಬಹುದಾ? ನಿಧಾನದ ಪ್ರವಾಸಕ್ಕೆ ಕಾರು ಒಂದು ಹೊರೆ. ಕಾರಿದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಲೇ ಇರುತ್ತದೆ. ಸ್ಟೇಷನ್ ಊರೊಳಗಿದೆಯಾ, ಲೋಕಲ್ ಬಸ್ಸು ಇದೆಯಾ, ನಡೆದು ಕಡಲಿಗೆ ಹೋಗಬಹುದಾ ನೋಡಿ.

ಎರಡನೆಯದು, ಜೊತೆಗೆ ಯಾರಿದ್ದಾರೆ? ಮಂಡಿ ನೋವಿನ ಅಮ್ಮನಿಗೆ ಬೇಕಾದ ಊರೇ ಬೇರೆ, ಇಪ್ಪತ್ತೈದರ ಹುಡುಗನಿಗೆ ಬೇಕಾದ ಊರೇ ಬೇರೆ. ಚಿಕ್ಕ ಮಕ್ಕಳಿದ್ದರೆ ನೀರಿಗೆ ಇಳಿಯಲು ಸುರಕ್ಷಿತ ಜಾಗ ಇದೆಯಾ ಅನ್ನುವುದನ್ನು ಮೊದಲು ನೋಡಬೇಕು.

ಮೂರನೆಯದು ಮಧ್ಯಾಹ್ನ. ನಾನು ಅತಿ ಹೆಚ್ಚು ತೂಕ ಕೊಡುವುದು ಇದಕ್ಕೆ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರ ತನಕ ಮರಳು ಕಾದಿರುತ್ತದೆ, ತೀರದಲ್ಲಿ ಕೂರಲಾಗದು. ಐದು ದಿನ ಅಂದರೆ ಇಂಥ ಐದು ಮಧ್ಯಾಹ್ನ. ಆಗ ಹೋಗಲು ನೆರಳಿರುವ ಜಾಗ, ನೋಡಲು ಏನಾದರೂ, ಮಾತಾಡಲು ಯಾರಾದರೂ ಇರುವ ಊರು ಬೇಕು. ಬೀಚ್ ಎಷ್ಟು ಚೆನ್ನಾಗಿದ್ದರೂ ಮಧ್ಯಾಹ್ನ ಸಪ್ಪೆಯಾದರೆ ಮೂರನೇ ದಿನಕ್ಕೆ "ಇಲ್ಲಿಂದ ಹೊರಡೋಣ" ಅನ್ನಿಸಿಬಿಡುತ್ತದೆ.

ಆಮೇಲೆ ಊಟ ಮತ್ತು ದುಡ್ಡು. ಐದು ದಿನ ಒಂದೇ ಊರಲ್ಲಿ ಉಣ್ಣಬೇಕು, ಹಾಗಾಗಿ ಊರ ಜನ ಉಣ್ಣುವ ಊಟ ಸಿಗುವ ಕಡೆ ಇರುವುದು ಹೊಟ್ಟೆಗೂ ಜೇಬಿಗೂ ಒಳ್ಳೆಯದು. ಖರ್ಚಿನಲ್ಲಿ ದೊಡ್ಡ ಪಾಲು ರೂಮಿನದು. ಕಡಲು ಕಾಣುವ ರೂಮಿಗೆ ಎಲ್ಲ ಕಡೆ ಜಾಸ್ತಿ ಬಾಡಿಗೆ.

ಗೋಕರ್ಣ

ಎಲ್ಲರೂ ಮೊದಲು ಹೇಳುವ ಹೆಸರು. ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ಇಲ್ಲ. ಊರಿನ ಬೀಚ್‌ನಿಂದ ಗುಡ್ಡ ಹತ್ತಿದರೆ ಕೂಡ್ಲೆ, ಅದರಾಚೆ ಓಂ, ಅದರಾಚೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಒಂದೊಂದರ ನಡುವೆಯೂ ಕೆಂಪುಕಲ್ಲಿನ ಗುಡ್ಡ. ಗುಡ್ಡದ ತುದಿ ಮುಟ್ಟಿದಾಗ ಕೆಳಗೆ ಮುಂದಿನ ತೀರ ತೆರೆದುಕೊಳ್ಳುತ್ತದಲ್ಲ, ಆ ಕ್ಷಣಕ್ಕಾಗಿಯೇ ಹೋಗಬೇಕು. ಒಂದೇ ದಿನದಲ್ಲಿ ಎಲ್ಲ ಮುಗಿಸಬೇಡಿ. ದಿನಕ್ಕೊಂದು ತೀರ ಸಾಕು.

ಮಧ್ಯಾಹ್ನಕ್ಕೂ ಇಲ್ಲಿ ಚೆನ್ನಾಗಿದೆ. ಮಹಾಬಲೇಶ್ವರ ದೇವಸ್ಥಾನ, ರಥಬೀದಿ, ಹಳೆಯ ಹೆಂಚಿನ ಮನೆಗಳು, ಕೋಟಿತೀರ್ಥದ ಮೆಟ್ಟಿಲು. ಬೀಚ್‌ಗೆ ಬಂದವರಲ್ಲಿ ಅರ್ಧ ಜನ ಊರೊಳಗೆ ಬರುವುದೇ ಇಲ್ಲ, ದೇವರಿಗೆ ಬಂದವರಲ್ಲಿ ಅರ್ಧ ಜನ ಗುಡ್ಡ ಹತ್ತುವುದೇ ಇಲ್ಲ. ನಿಮಗೆ ಐದು ದಿನ ಇದೆ, ಎರಡೂ ನೋಡಿ. ಸಾಣಿಕಟ್ಟಾದ ಉಪ್ಪಿನಾಗರವನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಬಿಳಿ ಉಪ್ಪಿನ ರಾಶಿ ಸಾಲಾಗಿ ಬಿದ್ದಿರುತ್ತದೆ.

ತೊಂದರೆಗಳೂ ಇವೆ. ವಾರದ ಕೊನೆ, ಡಿಸೆಂಬರ್ ಕೊನೆಯ ವಾರ, ಶಿವರಾತ್ರಿ, ಈ ಮೂರು ಹೊತ್ತಿನಲ್ಲಿ ಇಲ್ಲಿ ನಿಧಾನ ಅನ್ನುವುದು ಸಿಗುವುದಿಲ್ಲ. ಜನ ತುಂಬಿ, ರೂಮಿನ ಬಾಡಿಗೆ ಏರಿ, ರಸ್ತೆಯಲ್ಲಿ ಗಾಡಿ ನಿಂತುಬಿಡುತ್ತವೆ. ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಹತ್ತು ಕಿಲೋಮೀಟರ್ ಹತ್ತಿರ ದೂರ, ಆಟೋ ಬೇಕೇ ಬೇಕು. ಬೀಚ್ ಪಕ್ಕದ ಕೆಫೆಗಳ ಊಟ ಹೊರಗಿನವರ ರುಚಿಗೆ ಮಾಡಿದ್ದು. ಎರಡು ದಿನಕ್ಕೆ ಸರಿ, ಮೂರನೇ ದಿನ ಊರೊಳಗೆ ಬಂದು ಬಾಳೆಲೆ ಊಟ ಮಾಡಿ. ಓಂ, ಕೂಡ್ಲೆಗಳ ಬಂಡೆ ಹತ್ತಿರದ ನೀರು ಅಪಾಯದ್ದು. ಪ್ರಾಣ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಲೈಫ್‌ಗಾರ್ಡ್ ಸೀಟಿ ಊದಿದರೆ ಹಿಂದೆ ಬನ್ನಿ, ವಾದ ಮಾಡಬೇಡಿ. ಓಂ ತೀರಕ್ಕೆ ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್ ದಾರಿ ವಯಸ್ಸಾದವರಿಗೆ ಆಗದು.

ಕಾಲು ಗಟ್ಟಿ ಇರುವವರು, ಒಬ್ಬರೇ ಹೋಗುವವರು, ಸೋಮವಾರದಿಂದ ಗುರುವಾರದ ತನಕ ರಜೆ ಹಾಕಬಲ್ಲವರು ಕಣ್ಣುಮುಚ್ಚಿ ಗೋಕರ್ಣ ಆರಿಸಿ. ಶನಿವಾರ, ಭಾನುವಾರ ಬಿಟ್ಟರೆ ಬೇರೆ ದಿನ ಸಿಗದವರು ಮುಂದೆ ಓದಿ.

ಕುಮಟಾ

ಯಾರಾದರೂ ನನ್ನ ಹತ್ತಿರ ಒಂದೇ ಹೆಸರು ಹೇಳು ಅಂದರೆ ಕುಮಟಾ ಅನ್ನುತ್ತೇನೆ. ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ಮೊದಲ ನೋಟಕ್ಕೆ ಇದು ಹೆದ್ದಾರಿ ಪಕ್ಕದ ಒಂದು ತಾಲ್ಲೂಕು ಊರು. ಬಸ್ ಸ್ಟ್ಯಾಂಡು, ಅಂಗಡಿ ಸಾಲು, ಮೀನು ಪೇಟೆ. ಕಡಲು ಕಣ್ಣಿಗೆ ಬೀಳುವುದಿಲ್ಲ. ಹುಡುಕಿಕೊಂಡು ಹೋಗಬೇಕು.

ಹುಡುಕಿದರೆ ಎಷ್ಟು ಸಿಗುತ್ತದೆ! ವನ್ನಳ್ಳಿ, ಹೆಡ್‌ಬಂದರು, ಕಡ್ಲೆ, ಬಾಡ, ದಕ್ಷಿಣಕ್ಕೆ ಧಾರೇಶ್ವರ. ಎಲ್ಲವೂ ಆಟೋ ಅಥವಾ ಲೋಕಲ್ ಬಸ್ಸಿನ ದೂರ. ಕಡ್ಲೆಯಲ್ಲಿ ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ನಾವು ಮೂರು ಜನ ಬಿಟ್ಟರೆ ಬಲೆ ಸರಿಮಾಡುತ್ತಿದ್ದ ಇಬ್ಬರು ಇದ್ದರು, ಅಷ್ಟೇ.

ಆದರೆ ಕುಮಟಾದ ನಿಜವಾದ ಸೊತ್ತು ಅಘನಾಶಿನಿ. ಇದರ ಹರಿವಿಗೆ ಅಡ್ಡವಾಗಿ ಎಲ್ಲೂ ಅಣೆಕಟ್ಟು ಇಲ್ಲ. ಘಟ್ಟದ ಮೇಲಿನ ನೀರು ಕಡಲ ತನಕ ತನ್ನ ಪಾಡಿಗೆ ತಾನು ಬರುತ್ತದೆ. ಅಳಿವೆಯಲ್ಲಿ ಉಪ್ಪು ನೀರು, ಸಿಹಿ ನೀರು ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಳಚು ತುಂಬಿದ ಕೆಸರು ದಿಬ್ಬ. ನೀರು ಇಳಿದಾಗ ಸುತ್ತಲ ಹಳ್ಳಿಯ ಹೆಂಗಸರು, ಗಂಡಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಆರಿಸುತ್ತಾರೆ. ಇದೇ ಅಳಿವೆ ಪಕ್ಕದ ಗಜನಿಯಲ್ಲಿ, ಅಂದರೆ ಉಪ್ಪು ನೀರು ಬರುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪು ನೀರು ನುಗ್ಗಿದರೂ ಸಾಯದ ತಳಿ ಅದು. ಗೊಬ್ಬರ ಹಾಕುವುದಿಲ್ಲ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನನಗಂತೂ ಇಲ್ಲಿಗೆ ಹೋಗಲು ಇದೇ ದೊಡ್ಡ ಕಾರಣ.

ತಪ್ಪದೆ ಮಾಡಬೇಕಾದ ಒಂದು ಕೆಲಸ: ಬಸ್ಸಿನಲ್ಲಿ ಅಘನಾಶಿನಿ ಊರಿಗೆ ಹೋಗಿ, ತಾರಿಯಲ್ಲಿ (ನದಿ ದಾಟುವ ಕಡವಿನಲ್ಲಿ) ದೋಣಿ ಹತ್ತಿ ಆಚೆ ದಡದ ತದಡಿಗೆ ದಾಟಿ. ದಿನಾ ಓಡಾಡುವ ಜನ, ಅವರ ಚೀಲ, ಅವರ ಬೈಕು ಎಲ್ಲ ಅದರಲ್ಲೇ. ತದಡಿಯಿಂದ ಗೋಕರ್ಣ ಹತ್ತಿರ. ಕುಮಟಾದಲ್ಲಿ ಉಳಿದು, ವಾರದ ನಡುವೆ ಒಂದು ದಿನ ಹೀಗೆ ನದಿ ದಾಟಿ ಗೋಕರ್ಣ ನೋಡಿ ಬಂದರೆ ಆ ಊರಿನ ಗದ್ದಲ ತಾಗದೆ ಅದರ ಚೆಲುವು ಸಿಗುತ್ತದೆ.

ಮಧ್ಯಾಹ್ನಕ್ಕೆ ಮಿರ್ಜಾನ್ ಕೋಟೆ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಹೋದ ಕೋಟೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ಚಿರೇಕಲ್ಲಿನ ಗೋಡೆ ಮೇಲೆ ಪಾಚಿ, ಒಳಗೆ ಮರದ ನೆರಳು. ಇನ್ನೊಂದು ದಿನ ಯಾಣ. ಕಪ್ಪು ಬಂಡೆಗಳಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ಕೆಳಗೇ ನಡೆಯುವುದರಿಂದ ಬಿಸಿಲಿನ ಕಾಟ ಕಡಿಮೆ.

ರೈಲ್ವೆ ಸ್ಟೇಷನ್ ಊರಿಗೆ ಅಂಟಿಕೊಂಡೇ ಇದೆ. ಲಾಡ್ಜ್ ಬಾಡಿಗೆ ಗೋಕರ್ಣದ ಬೀಚ್ ಕಾಟೇಜ್‌ಗಳಿಗಿಂತ ಕಡಿಮೆ, ಶನಿವಾರವೂ ಅಷ್ಟಾಗಿ ಏರುವುದಿಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಬಳಚಿನ ಸುಕ್ಕ. ಸಸ್ಯಾಹಾರಿಗಳಿಗೆ ತಂಬುಳಿ, ಅಪ್ಪೆಹುಳಿ. ಬೇಸಿಗೆಯಲ್ಲಿ ಹೋದರೆ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ತೂಗುಹಾಕಿದ ಕುಮಟಾ ಸಿಹಿ ಈರುಳ್ಳಿ. ಬರುವಾಗ ಒಂದು ಗೊಂಚಲು ತನ್ನಿ.

ಕೊರತೆ ಏನೆಂದರೆ, ಕಿಟಕಿ ತೆರೆದರೆ ಕಡಲು ಕಾಣುವ ರೂಮು ಇಲ್ಲಿ ಕಡಿಮೆ. ಸಂಜೆ ಏಳರ ಮೇಲೆ ಊರು ಬೇಗ ಮಲಗುತ್ತದೆ. ಹೊಸದಾಗಿ ಮದುವೆಯಾದವರು ಅಲೆಯ ಸದ್ದು ಕೇಳುತ್ತಾ ಮಲಗಬೇಕು ಅಂದುಕೊಂಡಿದ್ದರೆ ಇದು ಅವರಿಗಲ್ಲ.

ಹೊನ್ನಾವರ

ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಹೊನ್ನಾವರ. ಇಲ್ಲಿ ಶರಾವತಿ ಕಡಲು ಸೇರುವ ಮೊದಲು ತುಂಬ ಅಗಲವಾಗಿ ಹರಡಿಕೊಳ್ಳುತ್ತಾಳೆ. ಅವಳ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಉದ್ದದ್ದು. ನದಿಯ ನಡುವೆ ಕುರ್ವೆಗಳು, ಅಂದರೆ ತೆಂಗು ತುಂಬಿದ ದ್ವೀಪಗಳು. ಮಾವಿನಕುರ್ವೆ ಅವುಗಳಲ್ಲಿ ದೊಡ್ಡದು. ದೋಣಿಯಲ್ಲಿ ಕೂತು ಕಾಂಡ್ಲಾ ಸಂದಿಯಲ್ಲಿ ಹೋಗುವುದಕ್ಕೆ ಮಂಡಿ ಗಟ್ಟಿ ಇರಬೇಕಿಲ್ಲ. ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ನಡೆದಾರಿಯೂ ಇದೆ. ಅಮ್ಮ ಅಲ್ಲಿ ಏಡಿ ನೋಡುತ್ತಾ ಒಂದು ಗಂಟೆ ನಿಂತಿದ್ದರು. ಹತ್ತುವ ಮೊದಲೇ ದೋಣಿಯ ಬಾಡಿಗೆ, ಎಷ್ಟು ಹೊತ್ತು ಅನ್ನುವುದನ್ನು ಮಾತಾಡಿಕೊಳ್ಳಿ. ಒಮ್ಮೆ ನಮಗೆ ಒಂದು ಗಂಟೆ ಅಂತ ಹೇಳಿ ಮೂವತ್ತೈದು ನಿಮಿಷಕ್ಕೆ ದಡ ಮುಟ್ಟಿಸಿದ್ದರು.

ಮಕ್ಕಳಿಗೆ ಕಾಸರಕೋಡು ಬೀಚ್. 2020ರಲ್ಲಿ ಇದಕ್ಕೂ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಿಸುವ ಜಾಗ, ಕಾವಲು, ಶುಚಿತ್ವ, ಇವೆಲ್ಲ ನೋಡಿಯೇ ಈ ಮಾನ್ಯತೆ ಕೊಡುವುದು. ಮಕ್ಕಳ ಜೊತೆ ಹೋದವರಿಗೆ ಇವು ಎಷ್ಟು ಮುಖ್ಯ ಅಂತ ಗೊತ್ತಲ್ವಾ. ಬೀಚ್ ಇರುವುದು ನದಿಯ ಆಚೆ ದಡದಲ್ಲಿ. ಊರಲ್ಲಿ ಉಳಿದರೆ ಪ್ರತಿಸಲ ಸೇತುವೆ ದಾಟಬೇಕು. ಟೆಂಪೋ, ಆಟೋ ಬೇಕಾದಷ್ಟು ಇವೆ.

ಮಧ್ಯಾಹ್ನಕ್ಕೆ ಅಪ್ಸರಕೊಂಡ, ಇಡಗುಂಜಿ ಗಣಪತಿ. ಚಳಿಗಾಲ, ಬೇಸಿಗೆಯಲ್ಲಿ ಹೋದರೆ ಇನ್ನೊಂದು ಲಾಭ: ಇದು ಬಡಗುತಿಟ್ಟು (ಉತ್ತರದ ಶೈಲಿಯ) ಯಕ್ಷಗಾನದ ನೆಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಮೇಳ ಇಲ್ಲೇ ಗುಣವಂತೆಯದು. ಮಳೆ ನಿಂತ ಮೇಲೆ ಸುತ್ತಲ ಊರುಗಳಲ್ಲಿ ಯಕ್ಷಗಾನದ ಆಟ ಇದ್ದೇ ಇರುತ್ತದೆ. ಹೋಟೆಲಿನವರನ್ನು ಕೇಳಿ, ಗೋಡೆಯ ಪೋಸ್ಟರ್ ನೋಡಿ. ರಾತ್ರಿಯಿಡೀ ಆಟ ನೋಡಿ ಮರುದಿನ ಮಧ್ಯಾಹ್ನದ ತನಕ ಮಲಗುವ ಸ್ವಾತಂತ್ರ್ಯ ಒಂದೇ ಊರಲ್ಲಿ ಇರುವವರಿಗೆ ಮಾತ್ರ. ಜೋಗಕ್ಕೆ ಹೋಗಲೇಬೇಕು ಅನ್ನುವವರು ಗೇರುಸೊಪ್ಪೆ ಘಟ್ಟ ಹತ್ತಿ ಒಂದೇ ದಿನದಲ್ಲಿ ಹೋಗಿ ಬರಬಹುದು.

ಒಬ್ಬರೇ ಹೋದರೆ ಇಲ್ಲಿ ಸ್ವಲ್ಪ ಬೇಜಾರು. ನಡೆದು ನೋಡುವ ಗುಡ್ಡದ ದಾರಿಗಳು ಗೋಕರ್ಣದಷ್ಟು ಇಲ್ಲ.

ಕಾರವಾರ

ಜಿಲ್ಲಾ ಕೇಂದ್ರ. ಊರು ದೊಡ್ಡದು, ಆಸ್ಪತ್ರೆ, ಬ್ಯಾಂಕು, ಒಳ್ಳೆಯ ಹೋಟೆಲು ಎಲ್ಲ ಇದೆ. ಊರ ಬೀಚ್‌ಗೆ ರವೀಂದ್ರನಾಥ ಟ್ಯಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ಕವಿ ಬಂದು ಇದ್ದು ಹೋದರು. ಕಾಳಿ ನದಿ, ಆಚೆ ದಡದ ಸದಾಶಿವಗಡ, ಹಿಂದೆ ಹಸಿರು ಗುಡ್ಡ, ಮುಂದೆ ದ್ವೀಪಗಳು. ನೋಟ ಅಂದರೆ ಇಡೀ ಕರಾವಳಿಯಲ್ಲಿ ಇದೇ ಮೇಲು. ಮೀನೂಟದಲ್ಲೂ ಅಷ್ಟೇ. ಕಾರವಾರದ ತಿಸ್ರೆ, ಇಸ್ವಾಣ, ಸೋಲ್ ಕಡಿಗಾಗಿ ನಾನು ಎರಡು ದಿನ ಜಾಸ್ತಿ ಉಳಿದಿದ್ದೇನೆ.

ಆದರೆ ಊರಿನ ದಕ್ಷಿಣಕ್ಕೆ ಒಂದಷ್ಟು ತೀರ ನೌಕಾನೆಲೆಗೆ ಸೇರಿದೆ, ನಮಗೆ ಪ್ರವೇಶ ಇಲ್ಲ. ದೇವಬಾಗದ ಸರ್ಕಾರಿ ಜಂಗಲ್ ಲಾಡ್ಜಸ್ ರೆಸಾರ್ಟು ಸೊಗಸಾದ ಜಾಗದಲ್ಲಿದೆ, ಆದರೆ ತಲೆಗೆ ಇಷ್ಟು ಅಂತ ಲೆಕ್ಕ, ನಾಲ್ಕು ಜನರ ಮನೆಗೆ ದುಬಾರಿ. ಅಲ್ಲಿ ಎರಡು ರಾತ್ರಿ, ಊರಲ್ಲಿ ಮೂರು ರಾತ್ರಿ ಅಂತ ಹಂಚಿಕೊಂಡರೆ ಸರಿಹೋಗುತ್ತದೆ. ಗೋವಾದಿಂದ ಬರುವವರಿಗೆ, ಊರಿನ ಅನುಕೂಲ ಬೇಕೆನ್ನುವವರಿಗೆ, ಆಸ್ಪತ್ರೆ ಹತ್ತಿರ ಇರಲಿ ಅನ್ನುವವರಿಗೆ ಕಾರವಾರ.

ಉಳಿದ ಎರಡು

ಮುರ್ಡೇಶ್ವರಕ್ಕೆ ಅರ್ಧ ದಿನ ಸಾಕು. 123 ಅಡಿಯ ಶಿವನ ಮೂರ್ತಿ, ಗೋಪುರದ ಮೇಲಿಂದ ಕಾಣುವ ಕಡಲು, ನೋಡಿ ಹೊನ್ನಾವರಕ್ಕೆ ವಾಪಸ್ ಬನ್ನಿ. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡುವವರು ಮಾತ್ರ ಎರಡು ರಾತ್ರಿ ಇರಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಇದೇ ತೀರದಲ್ಲಿ ನೀರುಪಾಲಾದರು. ಮಕ್ಕಳ ಕೈ ಬಿಡಬೇಡಿ.

ಅಂಕೋಲಾದಲ್ಲಿ ಪ್ರವಾಸಿಗರ ಅನುಕೂಲ ಕಡಿಮೆ, ಶಾಂತಿ ಜಾಸ್ತಿ. ಪದ್ಮಶ್ರೀ ಪಡೆದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ ಇಬ್ಬರೂ ಈ ತಾಲ್ಲೂಕಿನ ಹಾಲಕ್ಕಿ ಸಮುದಾಯದವರಾಗಿದ್ದರು. ಮೇ ತಿಂಗಳಲ್ಲಿ ಕರಿ ಇಶಾಡ ಮಾವಿನ ಹಣ್ಣಿಗಾಗಿ ಎರಡು ದಿನ ಹೋಗಬಹುದು.

ಯಾವಾಗ, ಎಷ್ಟರಲ್ಲಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಎಲ್ಲರಿಗೂ ಒಳ್ಳೆಯದು. ಏಪ್ರಿಲ್, ಮೇ ಸೆಕೆ, ಆದರೆ ರೂಮು ಅಗ್ಗ, ಹಣ್ಣಿನ ಕಾಲ. ಮಳೆಗಾಲದ ಕಡಲು ನೋಡುವ ಆಸೆ ನನಗೂ ಇದೆ, ಹೋಗಿದ್ದೇನೆ. ಆಗ ನೀರಿಗೆ ಇಳಿಯುವಂತಿಲ್ಲ. ಜೂನ್, ಜುಲೈ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ, ಹಾಗಾಗಿ ತಾಜಾ ಮೀನು ಕಡಿಮೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದ ಜನ ಪ್ರಾಣ ಕಳೆದುಕೊಂಡರು. ಮಳೆಗಾಲದಲ್ಲಿ ಹೋಗುವುದಾದರೆ ಸ್ಟೇಷನ್ ಹತ್ತಿರ ಇರುವ ಕುಮಟಾ ಅಥವಾ ಹೊನ್ನಾವರ ಆರಿಸಿ, ಬಂದ ಮೇಲೆ ಊರಲ್ಲೇ ಇರಿ. ರೈಲುಗಳ ವೇಳಾಪಟ್ಟಿಯೂ ಆಗ ಬೇರೆ ಇರುತ್ತದೆ, ನೋಡಿಕೊಳ್ಳಿ.

ದುಡ್ಡು ಕಡಿಮೆ ಇದ್ದರೆ: ಬೆಂಗಳೂರಿನಿಂದ ರಾತ್ರಿ ಪ್ರಯಾಣದ ಪಂಚಗಂಗಾ ಎಕ್ಸ್‌ಪ್ರೆಸ್‌ನ ಸ್ಲೀಪರ್, ಕುಮಟಾದಲ್ಲಿ ಸಾದಾ ಲಾಡ್ಜು, ಓಡಾಟಕ್ಕೆ ಬಸ್ಸು. ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಳ್ಳಿ. ಇಬ್ಬರು ಗೆಳತಿಯರು ಹೋದರೆ ಬಸ್ಸಿನ ಖರ್ಚೇ ಇಲ್ಲ. ಸ್ವಲ್ಪ ಜಾಸ್ತಿ ಇದ್ದರೆ ಮೂರು ರಾತ್ರಿ ಕುಮಟಾ, ವಾರದ ನಡುವೆ ಎರಡು ರಾತ್ರಿ ಕೂಡ್ಲೆ. ಹಿರಿಯರ ಜೊತೆಯಾದರೆ ಹೊನ್ನಾವರದಲ್ಲಿ ಲಿಫ್ಟ್ ಇರುವ ಹೋಟೆಲಿಗೆ ಹೆಚ್ಚು ಕೊಡಿ, ಬೇರೆ ಕಡೆ ಉಳಿಸಿ.

ಇಷ್ಟಾದ ಮೇಲೂ ಎರಡು ಊರಿನ ನಡುವೆ ಮನಸ್ಸು ತೂಗಾಡುತ್ತಿದ್ದರೆ ಜೊತೆಗೆ ಬರುವವರಲ್ಲಿ ಅತಿ ನಿಧಾನ ನಡೆಯುವವರಿಗೆ ಯಾವುದು ಹೊಂದುತ್ತದೋ ಅದನ್ನೇ ಆರಿಸಿ. ಮೊದಲ ದಿನ ಯಾವ ಬುಕಿಂಗೂ ಬೇಡ. ಚೀಲ ಇಟ್ಟು, ಸ್ನಾನ ಮುಗಿಸಿ, ಸಂಜೆ ಅಳಿವೆ ಕಡೆ ಹೋಗಿ. ದೋಣಿ ಕಟ್ಟುತ್ತಿರುವ ಯಾರನ್ನಾದರೂ "ಅಣ್ಣಾ, ನಾಳೆ ನೀರು ಇಳಿಯೋದು ಎಷ್ಟೊತ್ತಿಗೆ?" ಅಂತ ಕೇಳಿ. ಅವರು ಹೇಳುವ ಹೊತ್ತು ನೋಡಿಕೊಂಡು ನಾಳೆಯ ದಿನವನ್ನು ಜೋಡಿಸಿಕೊಳ್ಳಿ.